ಡಬ್ಬಿಯ ಮೇಲಿನ ತಾರೀಖು

ಮಾತೊಸಿನ್ಯೋಸ್ ಬಂದರಿನ ಹಿಂದಿನ ಬೀದಿಯಲ್ಲಿ
ಮೀನಿನ ಕಾರ್ಖಾನೆ. ಇಪ್ಪತ್ತಾರು ವರ್ಷ ಅಲ್ಲಿ
ಸಾರ್ಡೀನುಗಳ ತಲೆ ಕೊಯ್ದವಳು ನಾನು,
ಬಾಲ ಕತ್ತರಿಸಿ, ಒಂದರ ಮಗ್ಗುಲಿಗೊಂದು
ಎಳೆಗೂಸುಗಳ ಹಾಗೆ ಮಲಗಿಸಿ
ಮೇಲೆ ಎಣ್ಣೆ ಹೊಯ್ದವಳು.
ಡಬ್ಬಿಯ ತಳಕ್ಕೆ ತಾರೀಖು ಒತ್ತುತ್ತಾರೆ:
ಇವತ್ತಿಗೆ ಐದು ವರ್ಷ.

ನನಗೆ ಕೊಡುವುದು ಮೂರು ತಿಂಗಳು.
‘ಮತ್ತೆ ಮೂರು ತಿಂಗಳಿಗೆ ಸ್ಕ್ಯಾನ್, ದೋನಾ ಝುಲ್ಮೀರಾ.’
ಅದು ಮುಗಿದರೆ ಇನ್ನೊಂದು ಮೂರು,
ಕಿರಾಣಿ ಅಂಗಡಿಯ ಸಾಲದ ಹಾಗೆ.
ಮೊಲೆಯಿಂದ ಹೊರಟದ್ದು ಬೆನ್ನಮೂಳೆಯಲ್ಲಿ ಬಿಡಾರ ಹೂಡಿದೆ,
ಲಿವರಿನಲ್ಲೂ ಒಂದು ಕೋಣೆ ಹಿಡಿದಿದೆ.
ಬಿಡಿಸಲಾಗದು ಎಂದರು ಡಾಕ್ಟರು,
ಗದ್ದಲ ಮಾಡದ ಹಾಗೆ ನೋಡಿಕೊಳ್ಳೋಣ.
ನಾನು ನಕ್ಕುಬಿಟ್ಟೆ.
ಮೇಲಿನ ಮಹಡಿಯ ಬಾಡಿಗೆಯವನ ವಿಷಯಕ್ಕೆ
ಪೊಲೀಸರೂ ಇದನ್ನೇ ಹೇಳಿದ್ದರು.

ಮಾತ್ರೆ ಬೆಳಿಗ್ಗೆ ನಾಲ್ಕು, ರಾತ್ರಿ ನಾಲ್ಕು.
ಅಂಗೈ ಕೆಂಪಾಗಿ ಸುಲಿಯಿತು, ಬೆರಳಿನ ಗೆರೆ ಮಾಸಿತು.
ಗುರುತಿನ ಚೀಟಿ ಹೊಸದು ಮಾಡಿಸಲು ಹೋದೆ.
ಗಾಜಿನ ಮೇಲೆ ಬೆರಳಿಟ್ಟೆ, ಒತ್ತಿದೆ,
ಲಂಗಕ್ಕೆ ಒರೆಸಿಕೊಂಡು ಮತ್ತೆ ಒತ್ತಿದೆ.
ಯಂತ್ರ ನನ್ನನ್ನು ಒಪ್ಪಲಿಲ್ಲ.
ಕೌಂಟರಿನ ಹುಡುಗ ಕಿವಿಯವರೆಗೆ ಕೆಂಪಾದ.
‘ಇರಲಿ ಮಗು, ಇನ್ನು ಬ್ಯಾಂಕು ದೋಚಿದರೂ
ಸಿಕ್ಕಿಬೀಳುವುದಿಲ್ಲ ನಾನು’ ಎಂದೆ.
ನಗಬಹುದೋ ಬಾರದೋ ಅವನಿಗೆ ತಿಳಿಯಲಿಲ್ಲ.
ಹೊರಗೆ ಬಂದು ನಿಲ್ದಾಣದಲ್ಲಿ ಕೂತೆ.
ಮೂರು ಬಸ್ಸು ಬಿಟ್ಟೆ.

ಪೂಜೆ ಮುಗಿದ ಮೇಲೆ ಚರ್ಚಿನ ಬಾಗಿಲಲ್ಲಿ
ಫೆಲಿಸ್ಮಿನಾ ಕೈ ಅದುಮುತ್ತಾಳೆ:
‘ನೀನು ಗಟ್ಟಿಗಿತ್ತಿ ಕಣೇ, ಗೆದ್ದೇ ಗೆಲ್ಲುತ್ತೀ.’
ಹಾಗಾದರೆ ದೆಯೋಲಿಂದಾ?
ಡ್ರಿಪ್ ಹಾಕುವ ಕೋಣೆಯಲ್ಲಿ ನನ್ನ ಪಕ್ಕದ ಕುರ್ಚಿ,
ಬೇಯಿಸಿದ ಕಾಳಿನ ಪೊಟ್ಟಣ ತಂದು
ಸಿಪ್ಪೆಯನ್ನು ನರ್ಸಮ್ಮನ ಟ್ರೇಗೆ ಗುರಿಯಿಟ್ಟು ಉಗುಳುತ್ತಿದ್ದವಳು,
ಹೋದ ಫೆಬ್ರುವರಿಯಲ್ಲಿ, ಹಳದಿ ಪರದೆ ಹೊಲಿಯಲು ಕೊಟ್ಟು,
ಅದು ಬರುವ ಮೊದಲೇ ಹೋದವಳು.
ಅವಳು ಸರಿಯಾಗಿ ಆಡಲಿಲ್ಲವೇ?
ಇದನ್ನು ಕೇಳಲಿಲ್ಲ. ಉಗುಳು ನುಂಗಿ
‘ದೇವರು ಒಳ್ಳೆಯದು ಮಾಡಲಿ’ ಎಂದೆ.
ಮನೆಗೆ ಬಂದು ಒಂದು ತಟ್ಟೆ ಒಡೆದೆ,
ಬೇಕೆಂದೇ. ಅಗ್ಗದ್ದನ್ನು ಆರಿಸಿ.

ಅಬೀಲಿಯು ಮಾತಾಡುವವನಲ್ಲ.
ಸೋರದ ನಲ್ಲಿಯನ್ನು ಬಿಚ್ಚಿ ಮತ್ತೆ ಕೂಡಿಸುತ್ತಾನೆ.
ಅರವತ್ತಕ್ಕೆ ಅಡುಗೆ ಕಲಿಯುತ್ತಿದ್ದಾನೆ,
ಸೂಪಿಗೆ ಉಪ್ಪು ಜಾಸ್ತಿಯೋ, ನನ್ನ ನಾಲಿಗೆ ಕೆಟ್ಟಿದೆಯೋ,
ಇಬ್ಬರೂ ವಿಚಾರಿಸುವುದಿಲ್ಲ, ಪೂರಾ ಕುಡಿಯುತ್ತೇವೆ.
ಮಗಳು ಇರೀಯಾಗೆ ಹದಿನೇಳು.
‘ಅಮ್ಮಾ, ಮುಂದಿನ ಬೇಸಿಗೆಗೆ ನಾವು’
ಎಂದು ಶುರುಮಾಡಿ, ಕ್ರಿಯಾಪದ ಸಿಗದೆ
ಕೂದಲು ಕಟ್ಟಿಕೊಳ್ಳಲು ನಿಲ್ಲುತ್ತಾಳೆ.
ನಮ್ಮ ಮನೆಯಲ್ಲಿ ವ್ಯಾಕರಣ ಬದಲಾಗಿದೆ.
ಆ ವಾಕ್ಯವನ್ನು ನಾನೇ ಮುಗಿಸಬೇಕು:
ಹೋಗೋಣ, ಸಮುದ್ರಕ್ಕೆ ಹೋಗೋಣ,
ಸಮುದ್ರ ಎರಡು ಬೀದಿಯಾಚೆಗಿದೆ ತಾನೇ.

ಹಗಲು ಹೇಗೋ ಆಗುತ್ತದೆ.
ರಾತ್ರಿ ಮೂರಕ್ಕೆ ಎಚ್ಚರವಾದರೆ
ಬೆನ್ನಿನ ಪ್ರತಿ ನೋವನ್ನೂ ಹೆಸರು ಹಿಡಿದು ಕೇಳುತ್ತೇನೆ:
ನೀನು ಹಳಬಳೋ, ಹೊಸಬಳೋ?
ಹೊಸ ಕೋಟು ಬೇಕಿತ್ತು. ಅಂಗಡಿಯಲ್ಲಿ
ತೋಳು ತೂರಿಸಿ ಬೆಲೆಚೀಟಿ ನೋಡುತ್ತಾ
ಎಷ್ಟು ಚಳಿಗಾಲಕ್ಕೆ ಎಂದು ಭಾಗಿಸಿದೆ.
ಲೆಕ್ಕ ಬಾರದೆ ಕೊಂಡುಬಂದೆ. ಕಡುಗೆಂಪು.

ಅಡುಗೆಮನೆಯ ಅಟ್ಟದಲ್ಲಿ ಹನ್ನೆರಡು ಡಬ್ಬಿಗಳಿವೆ,
ನಾನೇ ತುಂಬಿದ ಕೊನೆಯ ಸಾಲು.
ಇಟ್ಟಷ್ಟೂ ರುಚಿಯೇರುತ್ತದೆ, ಆದರೆ ಆಗಾಗ ಮಗುಚಿಡಬೇಕು,
ಎಣ್ಣೆ ಎಲ್ಲ ಕಡೆ ಇಳಿಯಲಿ ಎಂದು
ಹಳೆಯ ಕೆಲಸದವರು ಹೇಳಿಕೊಟ್ಟದ್ದು.
ಸ್ಕ್ಯಾನಿನ ಹಿಂದಿನ ರಾತ್ರಿ ಸ್ಟೂಲು ಹತ್ತಿ
ಒಂದೊಂದಾಗಿ ಮಗುಚುತ್ತೇನೆ.
ತಾರೀಖು ಒಮ್ಮೆ ಮೇಲೆ, ಒಮ್ಮೆ ಕೆಳಗೆ.

ಗುರುವಾರ ಫೋನು ಬಂತು. ‘ಸ್ಥಿರ’ ಎಂದರು.
ವಾಸಿ ಅಲ್ಲ. ಸ್ಥಿರ.
ಅಷ್ಟಕ್ಕೇ ಮೊಣಕಾಲು ಕುಸಿದು ನೆಲದಲ್ಲೇ ಕೂತೆ.
ಆಮೇಲೆ ಒಂದು ಡಬ್ಬಿ ಇಳಿಸಿದೆ, ತಾರೀಖು ನೋಡದೆ.
ಮೂವರೂ ನಿಂತೇ ತಿಂದೆವು, ರೊಟ್ಟಿ ಮುರಿದು,
ಇರೀಯಾ ಗಲ್ಲಕ್ಕೆಲ್ಲ ಎಣ್ಣೆ.
ತಳದಲ್ಲಿ ಉಳಿದದ್ದನ್ನು
ಗೆರೆಯಿಲ್ಲದ ಬೆರಳಲ್ಲಿ ಬಳಿದು ನೆಕ್ಕಿದೆ.
ಉಪ್ಪು ಸರಿಯಿತ್ತು.